ಕ್ರಿಸ್ಮಸ್ ಕಾರ್ಡಿನ ಜನಕ ಸರ್ ಹೆನ್ರಿ ಕೋಲ್



ಆಗಮನ ಕಾಲ ಆರಂಭವಾಯಿತೆಂದರೆ ನಮ್ಮ ಮನೆಗಳಲ್ಲಿ ಗೋದಲಿಯ ತಯಾರಿ, ಕುಸ್ವಾರಿನ ಪರಿಮಳ, ಅಂಗಳದಲ್ಲಿ ನಕ್ಷತ್ರದ ಬೆಳಕು ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಕೆಲವು ವರ್ಷಗಳ ಹಿಂದಿನವರೆಗೆ ಇವುಗಳ ಜೊತೆಗೆ ಅಂಚೆಯಣ್ಣನೂ ದಿನಾ ಮನೆಗೆ ಬರುತ್ತಿದ್ದ. ಮುಂಬಯಿಯಿಂದ, ಕೊಲ್ಲಿ ರಾಷ್ಟ್ರಗಳಿಂದ, ದೂರದ ಕಾನ್ವೆಂಟಿನಲ್ಲಿದ್ದ ಸಿಸ್ಟರ್ ಅತ್ತೆಯಿಂದ ಬಂದ ಕ್ರಿಸ್ಮಸ್ ಕಾರ್ಡುಗಳನ್ನು ದಾರಕ್ಕೆ ಸಾಲಾಗಿ ಸಿಕ್ಕಿಸಿ ಗೋಡೆಗೆ ಕಟ್ಟುತ್ತಿದ್ದೆವು. ಇಂದು ಶುಭಾಶಯಗಳು ಮೊಬೈಲಿಗೆ ಬರುತ್ತವೆ, ಹೊಸ ವರ್ಷದ ಹೊತ್ತಿಗೆ ಅಳಿಸಿಹೋಗುತ್ತವೆ. ಹಳೆಯ ಕಾರ್ಡುಗಳು ಮಾತ್ರ ಕೆಲವು ಮನೆಗಳ ಕಪಾಟಿನಲ್ಲೋ ಬಿಸ್ಕಿಟ್ ಡಬ್ಬದಲ್ಲೋ ಉಳಿದುಕೊಂಡಿವೆ.

ಇಂತಹ ಹಳೆಯ ಕ್ರಿಸ್ಮಸ್ ಕಾರ್ಡುಗಳನ್ನೂ ಪೋಸ್ಟ್‌ಕಾರ್ಡುಗಳನ್ನೂ ಹುಡುಕಿ, ಜೋಪಾನವಾಗಿ ಸಂಗ್ರಹಿಸುವವರು ಲೋಕದ ಹಲವು ದೇಶಗಳಲ್ಲಿದ್ದಾರೆ. ಅವರ ಹುಡುಕಾಟ ಹಿಂದಕ್ಕೆ ಹೋಗುತ್ತಾ ಕೊನೆಗೆ ಮುಟ್ಟುವುದು 1843ರ ಲಂಡನ್ ನಗರದ ಒಂದು ಪುಟ್ಟ ಕಾರ್ಡಿಗೆ. ಅದನ್ನು ಮಾಡಿಸಿದವರು ಸರ್ ಹೆನ್ರಿ ಕೋಲ್. ಅವರ ಹೆಸರು ಮುಖ್ಯವಾಗಿ ಒಂದು ದೊಡ್ಡ ವಸ್ತು ಸಂಗ್ರಹಾಲಯದ ಸ್ಥಾಪಕರೆಂದು ಇತಿಹಾಸದಲ್ಲಿ ಉಳಿದಿದೆ. ಆದರೆ ಪ್ರತಿ ಡಿಸೆಂಬರ್‌ನಲ್ಲಿ ಅವರನ್ನು ನೆನಪಿಸುವುದು ಆ ಒಂದು ಅಂಗೈಯಗಲದ ಕಾಗದ. ಅವರ ಬಾಳನ್ನು ಓದಿದರೆ ಆ ಕಾಗದದ ಅರ್ಥವೂ ನಮಗೆ ಹೊಸದಾಗಿ ತಿಳಿಯುತ್ತದೆ.

ಬಾಲ್ಯ ಮತ್ತು ಮೊದಲ ಕೆಲಸ

ಹೆನ್ರಿ ಕೋಲ್ ಅವರು 1808ರ ಜುಲೈ 15ರಂದು ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿ ಜನಿಸಿದರು. ತಂದೆ ಸೇನೆಯ ಅಧಿಕಾರಿ. ಕುಟುಂಬ ಶ್ರೀಮಂತವಾಗಿರಲಿಲ್ಲ. ಸಾಧಾರಣ ಮನೆತನದ ಮಕ್ಕಳಿಗೆ ವಿದ್ಯೆ ಕೊಡಲೆಂದೇ ನಡೆಯುತ್ತಿದ್ದ ಕ್ರೈಸ್ಟ್ಸ್ ಹಾಸ್ಪಿಟಲ್ ಎಂಬ ಹೆಸರಾಂತ ಧರ್ಮಶಾಲೆಯಲ್ಲಿ ಅವರು ಓದಿದರು. ಹೆಸರಿನಲ್ಲಿ ಹಾಸ್ಪಿಟಲ್ ಎಂದಿದ್ದರೂ ಅದು ಆಸ್ಪತ್ರೆಯಲ್ಲ, ವಸತಿ ಶಾಲೆ. ಕಾಲೇಜಿಗೆ ಹೋಗುವ ಅನುಕೂಲ ಅವರಿಗೆ ಇರಲಿಲ್ಲ. 1823ರಲ್ಲಿ, ಇನ್ನೂ 15ರ ಹರೆಯದಲ್ಲೇ, ಸರಕಾರಿ ದಾಖಲೆ ಆಯೋಗದಲ್ಲಿ ಕೆಲಸ ಮಾಡುತ್ತಿದ್ದ ವಿದ್ವಾಂಸ ಫ್ರಾನ್ಸಿಸ್ ಪಾಲ್‌ಗ್ರೇವ್ ಅವರ ಕೈಕೆಳಗೆ ಗುಮಾಸ್ತರಾಗಿ ಸೇರಿದರು. ಹಳೆಯ ಬರಹಗಳನ್ನು ಓದಿ ನಕಲು ಮಾಡುವುದು ಅವರ ಕೆಲಸವಾಗಿತ್ತು.

ಬಿಡುವಿನ ವೇಳೆಯಲ್ಲಿ ಚಿತ್ರ ಬಿಡಿಸುವುದನ್ನು ಕಲಿತರು. ಪತ್ರಿಕೆಗಳಿಗೆ ಬರೆದರು. ಕಾದಂಬರಿಕಾರ ಥಾಮಸ್ ಲವ್ ಪೀಕಾಕ್ ಮತ್ತು ಚಿಂತಕ ಜಾನ್ ಸ್ಟುವರ್ಟ್ ಮಿಲ್ ಅವರ ಸ್ನೇಹ ದೊರೆಯಿತು. ಈ ಇಬ್ಬರೂ ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಅಧಿಕಾರಿಗಳಾಗಿದ್ದವರು. 1833ರಲ್ಲಿ ಕೋಲ್ ಅವರು ಮೇರಿಯನ್ ಬಾಂಡ್ ಎಂಬವರನ್ನು ವಿವಾಹವಾದರು. ಈ ದಂಪತಿಗೆ 8 ಮಕ್ಕಳು.

ಇಲಿ, ಗೆದ್ದಲು ಮತ್ತು ತೇವದ ನಡುವೆ ಮನೆಯ ಹಳೆಯ ಪತ್ರಗಳನ್ನು ಕಾಪಾಡುವುದು ಎಷ್ಟು ಕಷ್ಟವೆಂದು ಕರಾವಳಿಯ ನಮಗೆ ಹೇಳಬೇಕಾಗಿಲ್ಲ. ಅಂದಿನ ಇಂಗ್ಲೆಂಡಿನ ರಾಷ್ಟ್ರೀಯ ದಾಖಲೆಗಳ ಸ್ಥಿತಿಯೂ ಅದಕ್ಕಿಂತ ಉತ್ತಮವಾಗಿರಲಿಲ್ಲ. ಶತಮಾನಗಳ ರಾಜಪತ್ರಗಳು, ನ್ಯಾಯಾಲಯದ ಕಡತಗಳು ಲಂಡನ್ನಿನ ಹಲವು ಕಟ್ಟಡಗಳಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು. ತೇವಕ್ಕೆ ಅಂಟಿಕೊಂಡು ಕೊಳೆಯುತ್ತಿದ್ದವು, ಇಲಿಗಳ ಪಾಲಾಗುತ್ತಿದ್ದವು. ಆಯೋಗದ ಹಣ ಮಾತ್ರ ಖರ್ಚಾಗುತ್ತಿತ್ತು. ಕೋಲ್ ಅವರು ಇದನ್ನು ನೋಡಿ ಸುಮ್ಮನಿರಲಿಲ್ಲ. ಆಯೋಗದ ಮೇಲಧಿಕಾರಿಗಳೊಂದಿಗೆ ಅವರಿಗೆ ತಕರಾರಾಯಿತು. 1835ರಲ್ಲಿ ಕೆಲಸವನ್ನೇ ಕಳೆದುಕೊಂಡರು. ಮದುವೆಯಾಗಿ ಎರಡೇ ವರ್ಷವಾಗಿದ್ದ ಗೃಹಸ್ಥನಿಗೆ ಅದು ಸಣ್ಣ ಸಂಕಟವಲ್ಲ.

ಆದರೂ ಅವರು ಹಿಂಜರಿಯಲಿಲ್ಲ. ಪತ್ರಿಕೆಗಳಲ್ಲಿ ಬರೆದು, ಕಿರುಹೊತ್ತಗೆಗಳನ್ನು ಪ್ರಕಟಿಸಿ, ಸಂಸತ್ ಸದಸ್ಯರ ಮನೆಬಾಗಿಲಿಗೆ ಹೋಗಿ ವಿಷಯವನ್ನು ತಿಳಿಸಿದರು. 1836ರಲ್ಲಿ ಸಂಸತ್ತಿನ ಸಮಿತಿ ವಿಚಾರಣೆ ನಡೆಸಿತು. ಕೋಲ್ ಅವರಿಗೆ ಮತ್ತೆ ಕೆಲಸ ದೊರೆಯಿತು. 1838ರಲ್ಲಿ ಎಲ್ಲ ದಾಖಲೆಗಳನ್ನು ಒಂದೇ ಆಡಳಿತದ ಕೆಳಗೆ ತರುವ ಕಾಯಿದೆ ಬಂತು. ಪಬ್ಲಿಕ್ ರೆಕಾರ್ಡ್ ಆಫೀಸ್ ಎಂಬ ಸರಕಾರಿ ದಾಖಲೆ ಕಚೇರಿ ಹುಟ್ಟಿಕೊಂಡಿತು. ಹೀಗೆ ಕ್ರಿಸ್ಮಸ್ ಕಾರ್ಡು ಮಾಡಿಸುವ ಮೊದಲೇ ಕೋಲ್ ಅವರು ಹಳೆಯ ಕಾಗದವನ್ನು ಉಳಿಸುವ ಹೋರಾಟದಲ್ಲಿ ಗೆದ್ದಿದ್ದರು.

ಬಡವನಿಗೂ ಎಟಕುವ ಅಂಚೆ

ಆ ದಿನಗಳಲ್ಲಿ ಪತ್ರ ಬರೆಯುವುದು ಉಳ್ಳವರ ವಿಷಯವಾಗಿತ್ತು. ಅಂಚೆ ದರವನ್ನು ದೂರ ಮತ್ತು ಹಾಳೆಗಳ ಲೆಕ್ಕದಲ್ಲಿ ನಿಗದಿ ಮಾಡುತ್ತಿದ್ದರು. ಹೆಚ್ಚಾಗಿ ಹಣ ಕೊಡಬೇಕಾದವರು ಪತ್ರ ಪಡೆಯುವವರು. ಮಗ ಪಟ್ಟಣಕ್ಕೆ ದುಡಿಯಲು ಹೋದರೆ ಹಳ್ಳಿಯ ತಾಯಿಗೆ ಅವನ ಪತ್ರವನ್ನು ಬಿಡಿಸಿಕೊಳ್ಳಲು ಕೈಯಲ್ಲಿ ಕಾಸಿಲ್ಲದ ಸ್ಥಿತಿ. ಇತ್ತ ಸಂಸತ್ ಸದಸ್ಯರ ಪತ್ರಗಳು ಮಾತ್ರ ಉಚಿತವಾಗಿ ಹೋಗುತ್ತಿದ್ದವು.

ದೇಶದ ಒಳಗೆ ಎಷ್ಟೇ ದೂರವಿದ್ದರೂ ಒಂದೇ ಅಗ್ಗದ ದರ ಇರಬೇಕು, ಕಳುಹಿಸುವವರೇ ಮುಂಚಿತವಾಗಿ ಹಣ ಕಟ್ಟಬೇಕು ಎಂಬ ಯೋಜನೆಯನ್ನು ರೋಲಂಡ್ ಹಿಲ್ ಅವರು 1837ರಲ್ಲಿ ಮುಂದಿಟ್ಟರು. ಇದನ್ನು ಬೆಂಬಲಿಸಲು ಲಂಡನ್ನಿನ ವರ್ತಕರು ಒಂದು ಸಮಿತಿ ರಚಿಸಿದರು. ಅದರ ಪತ್ರಿಕೆಯನ್ನು ಸಂಪಾದಿಸಿ, ಜನರಿಗೆ ಅರ್ಥವಾಗುವಂತೆ ಚಿತ್ರಗಳ ಸಹಿತ ಪ್ರಚಾರ ಮಾಡಿದವರು ಕೋಲ್. ಅಂಚೆಗೆ ಹಣ ಮುಂಚಿತವಾಗಿ ಕಟ್ಟಿದ್ದನ್ನು ತೋರಿಸಲು ಯಾವ ಗುರುತು ಬಳಸಬೇಕೆಂದು ಸರಕಾರ 1839ರಲ್ಲಿ ಸಾರ್ವಜನಿಕರಿಂದ ಸಲಹೆ ಕೇಳಿತು. 2,600ಕ್ಕೂ ಹೆಚ್ಚು ಸಲಹೆಗಳು ಬಂದವು. ತಲಾ 100 ಪೌಂಡಿನ ನಾಲ್ಕು ಬಹುಮಾನಗಳಲ್ಲಿ ಒಂದು ಕೋಲ್ ಅವರಿಗೆ ಸಂದಿತು.

1840ರ ಜನವರಿ 10ರಂದು ಪೆನ್ನಿ ಅಂಚೆ ಜಾರಿಗೆ ಬಂತು. ಅದೇ ವರ್ಷದ ಮೇ ತಿಂಗಳಲ್ಲಿ ಪೆನ್ನಿ ಬ್ಲ್ಯಾಕ್ ಎಂಬ ಲೋಕದ ಮೊದಲ ಅಂಚೆಚೀಟಿ ಬಳಕೆಗೆ ಬಂತು. ಅರ್ಧ ಔನ್ಸಿನ ಪತ್ರವನ್ನು ಒಂದು ಪೆನ್ನಿ ಕೊಟ್ಟು ದೇಶದ ಯಾವ ಮೂಲೆಗಾದರೂ ಕಳುಹಿಸಬಹುದಾಯಿತು. ಇದೇ ತತ್ವ ಮುಂದೆ ನಮ್ಮ ದೇಶಕ್ಕೂ ಬಂತು. 1854ರ ಅಕ್ಟೋಬರ್ 1ರಿಂದ ಬ್ರಿಟಿಷ್ ಇಂಡಿಯಾದಲ್ಲಿ ಹಗುರ ಪತ್ರವೊಂದಕ್ಕೆ ದೂರದ ಲೆಕ್ಕವಿಲ್ಲದೆ ಅರ್ಧ ಆಣೆ ದರ ಜಾರಿಯಾಯಿತು. ಮಂಗಳೂರಿನಿಂದ ಕಲ್ಕತ್ತೆಗೂ ಅದೇ ದರ.

1843ರ ಡಿಸೆಂಬರ್

ಅಂಚೆ ಅಗ್ಗವಾದದ್ದೇ ತಡ, ಪತ್ರಗಳ ಸಂಖ್ಯೆ ಏರಿತು. ಹಬ್ಬಕ್ಕೆ ಬಂಧುಮಿತ್ರರಿಗೆ ಪತ್ರ ಬರೆಯುವುದು, ಬಂದ ಪತ್ರಕ್ಕೆ ಉತ್ತರಿಸುವುದು ಮರ್ಯಾದೆಯ ವಿಷಯವಾಗಿತ್ತು. ಕೋಲ್ ಅವರಿಗೆ ಪರಿಚಯಸ್ಥರು ಬಹಳ, ಬಿಡುವು ಕಡಿಮೆ. ಹಗಲು ದಾಖಲೆ ಕಚೇರಿಯ ಕೆಲಸ. ಅದರ ಮೇಲೆ ಫೆಲಿಕ್ಸ್ ಸಮ್ಮರ್ಲಿ ಎಂಬ ಕಾವ್ಯನಾಮದಲ್ಲಿ ಬರವಣಿಗೆ. ಅದೇ ವರ್ಷ ಅವರು ಮಕ್ಕಳಿಗಾಗಿ ಹೋಮ್ ಟ್ರೆಷರಿ ಎಂಬ ಸಚಿತ್ರ ಪುಸ್ತಕಮಾಲೆಯನ್ನೂ ಆರಂಭಿಸಿದ್ದರು. ಪ್ರತಿಯೊಬ್ಬರಿಗೂ ಕೈಯಾರೆ ಉದ್ದ ಪತ್ರ ಬರೆಯುವುದು ಸಾಧ್ಯವಿರಲಿಲ್ಲ, ಯಾರನ್ನೂ ಮರೆಯುವುದಕ್ಕೂ ಮನಸ್ಸಿರಲಿಲ್ಲ.

ಈ ಇಕ್ಕಟ್ಟಿಗೆ ಅವರು ಕಂಡುಕೊಂಡ ಪರಿಹಾರವೇ ಅಚ್ಚುಹಾಕಿದ ಶುಭಾಶಯ ಕಾರ್ಡು. ಅವರು ತಮ್ಮ ಗೆಳೆಯ, ಚಿತ್ರಕಾರ ಜಾನ್ ಕಾಲ್ಕಾಟ್ ಹಾರ್ಸ್ಲಿ ಅವರಿಗೆ ಚಿತ್ರ ರಚಿಸಲು ಹೇಳಿದರು. ಡಿಸೆಂಬರ್ 17ರ ಸಂಜೆ ಹಾರ್ಸ್ಲಿ ಅವರು ಚಿತ್ರವನ್ನು ಮನೆಗೆ ತಂದುಕೊಟ್ಟರೆಂದು ಕೋಲ್ ಅವರ ದಿನಚರಿಯಿಂದ ತಿಳಿದುಬರುತ್ತದೆ. ಅದಾಗಿ ಎರಡೇ ದಿನಕ್ಕೆ, ಡಿಸೆಂಬರ್ 19ರಂದು, ಚಾರ್ಲ್ಸ್ ಡಿಕನ್ಸ್ ಅವರ ಎ ಕ್ರಿಸ್ಮಸ್ ಕ್ಯಾರಲ್ ಕಥೆ ಲಂಡನ್ನಿನಲ್ಲಿ ಪ್ರಕಟವಾಯಿತು. ಬಡವರನ್ನು ನೆನೆಯದ ಹಬ್ಬ ಹಬ್ಬವಲ್ಲ ಎಂಬ ಭಾವನೆಯ ಎರಡು ಕೃತಿಗಳು ಒಂದೇ ವಾರದಲ್ಲಿ, ಒಂದೇ ನಗರದಲ್ಲಿ ಹುಟ್ಟಿದವು.

ಕಾರ್ಡನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ, ಆಮೇಲೆ ಒಂದೊಂದಕ್ಕೂ ಕೈಯಿಂದ ಬಣ್ಣ ಹಚ್ಚಿದರು. ಚಪ್ಪಟೆ ಕಲ್ಲಿನ ಮೇಲೆ ಜಿಡ್ಡಿನ ಶಾಯಿಯಲ್ಲಿ ಬರೆದು, ಕಲ್ಲನ್ನು ಒದ್ದೆಮಾಡಿ ಶಾಯಿ ಹಚ್ಚಿದರೆ ಬರೆದ ಜಾಗಕ್ಕೆ ಮಾತ್ರ ಶಾಯಿ ಹಿಡಿಯುತ್ತದೆ. ಇದೇ ಕಲ್ಲಚ್ಚಿನ ಕ್ರಮ. ಈ ವಿಧಾನ ಅದೇ ವರ್ಷ ನಮ್ಮ ಕರಾವಳಿಯಲ್ಲೂ ಕೆಲಸ ಮಾಡುತ್ತಿತ್ತು. ಕನ್ನಡದ ಮೊದಲ ಪತ್ರಿಕೆ ಮಂಗಳೂರು ಸಮಾಚಾರ 1843ರ ಜುಲೈ 1ರಂದು ಬಾಸೆಲ್ ಮಿಶನ್ನಿನ ಕಲ್ಲಚ್ಚಿನಿಂದಲೇ ಹೊರಬಂದಿತ್ತು.

ಕೋಲ್ ಅವರು ಸುಮಾರು 1,000 ಕಾರ್ಡುಗಳನ್ನು ಮುದ್ರಿಸಿದರು. ತಮಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದವನ್ನು ಲಂಡನ್ನಿನ ಓಲ್ಡ್ ಬಾಂಡ್ ಸ್ಟ್ರೀಟಿನಲ್ಲಿದ್ದ ಜೋಸೆಫ್ ಕಂಡಲ್ ಅವರ ಅಂಗಡಿಯ ಮೂಲಕ ಮಾರಾಟಕ್ಕಿಟ್ಟರು. ಒಂದರ ಬೆಲೆ ಒಂದು ಶಿಲಿಂಗ್, ಅಂದರೆ 12 ಪೆನ್ನಿ. ಒಂದು ಕಾರ್ಡಿನ ಬೆಲೆಯಲ್ಲಿ 12 ಪತ್ರಗಳನ್ನು ಅಂಚೆಗೆ ಹಾಕಬಹುದಿತ್ತು. ಕೂಲಿಯವರಿಗೆ, ಗುಮಾಸ್ತರಿಗೆ ಇದು ದುಬಾರಿ. ವ್ಯಾಪಾರದ ದೃಷ್ಟಿಯಿಂದ ಕಾರ್ಡು ಗೆಲ್ಲಲಿಲ್ಲ. ಮರುವರ್ಷದಿಂದಲೇ ಎಲ್ಲರೂ ಕಾರ್ಡು ಕಳುಹಿಸಲು ತೊಡಗಿದರು ಎಂದು ಯಾರಾದರೂ ಹೇಳಿದರೆ ಅದು ಸರಿಯಲ್ಲ. ಆ ರೂಢಿ ಬೆಳೆಯಲು ಇನ್ನೂ ಎರಡು ದಶಕಗಳೇ ಬೇಕಾದವು.

ಕಾರ್ಡಿನಲ್ಲಿ ಏನಿತ್ತು?

ಹಾರ್ಸ್ಲಿ ಅವರ ಚಿತ್ರ ಮೂರು ಭಾಗಗಳಲ್ಲಿದೆ. ಹಳೆಯ ಇಗರ್ಜಿಗಳ ಪೀಠದ ಮೇಲೆ ಕಾಣುವ ಮೂರು ಫಲಕದ ಚಿತ್ರಗಳ ಹಾಗೆ. ಸುತ್ತಲೂ ಕಟ್ಟಿಗೆಯ ಚಪ್ಪರ, ಅದಕ್ಕೆ ಹಬ್ಬಿದ ದ್ರಾಕ್ಷಿ ಬಳ್ಳಿ. ಮಧ್ಯದಲ್ಲಿ ಮೂರು ತಲೆಮಾರಿನ ಕುಟುಂಬವೊಂದು ಹಬ್ಬದ ಮೇಜಿನ ಸುತ್ತ ಕುಳಿತು, ಕಾರ್ಡು ಪಡೆಯುವವರ ಕಡೆಗೆ ಮುಖಮಾಡಿ ಲೋಟಗಳನ್ನು ಎತ್ತಿ ಹಾರೈಸುತ್ತಿದೆ. ಕೆಳಗೆ ಹಬ್ಬದ ಹಾಗೂ ಹೊಸ ವರ್ಷದ ಶುಭಾಶಯ. ಯಾರಿಗೆ, ಯಾರಿಂದ ಎಂದು ಬರೆಯಲು ಖಾಲಿ ಜಾಗ.

ಎಡ ಬಲದ ಫಲಕಗಳಲ್ಲಿ ಹಬ್ಬದ ಊಟವಿಲ್ಲ. ಒಂದರಲ್ಲಿ ಹಸಿದವರಿಗೆ ಅನ್ನ ಕೊಡುತ್ತಿದ್ದಾರೆ. ಇನ್ನೊಂದರಲ್ಲಿ ಬಟ್ಟೆಯಿಲ್ಲದ ಬಡವರಿಗೆ ಬಟ್ಟೆ ಹೊದಿಸುತ್ತಿದ್ದಾರೆ. ಸಂತ ಮತ್ತಾಯರ ಶುಭಸಂದೇಶದ 25ನೇ ಅಧ್ಯಾಯದಲ್ಲಿ ಪ್ರಭು ಹೇಳುವ ಕರುಣೆಯ ಕಾರ್ಯಗಳು ಇವು. ಧರ್ಮೋಪದೇಶದ ತರಗತಿಯಲ್ಲಿ ನಮ್ಮ ಮಕ್ಕಳು ಬಾಯಿಪಾಠ ಮಾಡುವ ಪಟ್ಟಿಯಲ್ಲಿ ಈ ಎರಡೂ ಇವೆ. ಗೋದಲಿಯಿಲ್ಲದ, ಬಾಲಯೇಸುವಿನ ಚಿತ್ರವಿಲ್ಲದ ಈ ಕಾರ್ಡನ್ನು ಕ್ರಿಸ್ಮಸ್ ಕಾರ್ಡು ಎನ್ನಲು ಮುಖ್ಯ ಕಾರಣವೇ ಆ ಎರಡು ಫಲಕಗಳು ಎನ್ನಬಹುದು. ಮನೆಯ ಊಟದ ಮೇಜು ಅವುಗಳ ನಡುವೆ ಇದೆ. ಬಡವರಿಬ್ಬರ ಮಧ್ಯೆ ಕುಳಿತೇ ಕುಟುಂಬ ಹಬ್ಬ ಆಚರಿಸುತ್ತಿದೆ.

ದುಃಖದ ಸಂಗತಿಯೆಂದರೆ ಅಂದು ಜನರ ಗಮನ ಹೋದದ್ದು ಮಧ್ಯದ ಚಿತ್ರಕ್ಕೆ ಮಾತ್ರ. ಅದರಲ್ಲಿ ಪುಟ್ಟ ಮಗುವೊಂದರ ತುಟಿಗೂ ದ್ರಾಕ್ಷಾರಸದ ಲೋಟ ಹಿಡಿದದ್ದು ಕಾಣುತ್ತದೆ. ಕುಡಿತದ ವಿರುದ್ಧ ಹೋರಾಡುತ್ತಿದ್ದವರು ಇದನ್ನು ಕಟುವಾಗಿ ಆಕ್ಷೇಪಿಸಿದರು. ಕುಡಿತದಿಂದ ಕುಟುಂಬಗಳು ಬೀದಿಪಾಲಾಗುತ್ತಿದ್ದ ಕಾಲದಲ್ಲಿ ಅವರ ಆತಂಕಕ್ಕೆ ಕಾರಣವಿತ್ತು, ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಆ ಗದ್ದಲದಲ್ಲಿ ಅಕ್ಕಪಕ್ಕದ ಬಡವರು ಮರೆಯಾದರು. ಮುಂದೆ ಬಂದ ಲಕ್ಷಾಂತರ ಕಾರ್ಡುಗಳು ಊಟವನ್ನೂ ಉಲ್ಲಾಸವನ್ನೂ ಮುಂದುವರಿಸಿದವು, ಆ ಎರಡು ಫಲಕಗಳನ್ನು ಬಹುಮಟ್ಟಿಗೆ ಬಿಟ್ಟವು.

ಎಲ್ಲರಿಗೂ ತೆರೆದ ಸಂಗ್ರಹಾಲಯ

ಕೋಲ್ ಅವರ ಮುಂದಿನ ಬದುಕು ಬಹಳ ದೊಡ್ಡದು. ದಿನಬಳಕೆಯ ವಸ್ತುವೂ ಅಂದವಾಗಿರಬೇಕೆಂಬುದು ಅವರ ನಂಬಿಕೆ. 1846ರಲ್ಲಿ ಅವರು ರೂಪಿಸಿದ ಚಹಾ ಪಾತ್ರೆಗಳ ಸೆಟ್ಟಿಗೆ ಲಂಡನ್ನಿನ ಸೊಸೈಟಿ ಆಫ್ ಆರ್ಟ್ಸ್ ಬಹುಮಾನ ನೀಡಿತು. ಮಹಾರಾಣಿ ವಿಕ್ಟೋರಿಯಾ ಅವರ ಪತಿ ಆಲ್ಬರ್ಟ್ ಅವರ ಜೊತೆಗೂಡಿ 1851ರ ಮಹಾ ಪ್ರದರ್ಶನವನ್ನು ಸಂಘಟಿಸಿದವರಲ್ಲಿ ಕೋಲ್ ಪ್ರಮುಖರು. ಹೈಡ್ ಪಾರ್ಕಿನಲ್ಲಿ ಗಾಜಿನ ಅರಮನೆ ಕಟ್ಟಿ ನಡೆಸಿದ ಆ ಪ್ರದರ್ಶನವನ್ನು ಸುಮಾರು ಐದೂವರೆ ತಿಂಗಳಲ್ಲಿ 60 ಲಕ್ಷ ಜನ ನೋಡಿದರು. ಸುಮಾರು 1,86,000 ಪೌಂಡು ಉಳಿತಾಯವಾಯಿತು. ಆ ಹಣದಿಂದ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ಪ್ರದೇಶದಲ್ಲಿ ಭೂಮಿ ಕೊಂಡು ವಿದ್ಯೆ ಮತ್ತು ಕಲೆಯ ಸಂಸ್ಥೆಗಳನ್ನು ಬೆಳೆಸಿದರು.

1852ರಲ್ಲಿ ಚಿಕ್ಕದಾಗಿ ಆರಂಭವಾದ ವಸ್ತು ಸಂಗ್ರಹಾಲಯ 1857ರಲ್ಲಿ ಸೌತ್ ಕೆನ್ಸಿಂಗ್ಟನ್‌ಗೆ ಬಂತು. ಕೋಲ್ ಅವರೇ ಅದರ ಮೊದಲ ನಿರ್ದೇಶಕರು. 1873ರ ವರೆಗೆ ಅವರು ಆ ಹುದ್ದೆಯಲ್ಲಿದ್ದರು. ಅಂದಿನ ಸಂಗ್ರಹಾಲಯಗಳು ಹಗಲಿನಲ್ಲಿ ಮಾತ್ರ ತೆರೆದಿರುತ್ತಿದ್ದವು. ಹಗಲಿಡೀ ದುಡಿಯುವ ಕಾರ್ಮಿಕ ಅಲ್ಲಿಗೆ ಹೋಗುವುದು ಯಾವಾಗ? ಕೋಲ್ ಅವರು ಗ್ಯಾಸ್ ದೀಪಗಳನ್ನು ಅಳವಡಿಸಿ ಸಂಗ್ರಹಾಲಯವನ್ನು ಸಂಜೆಯ ಹೊತ್ತೂ ತೆರೆದಿಟ್ಟರು. ಕೆಲಸ ಮುಗಿಸಿದವರು ಹೆಂಡತಿ ಮಕ್ಕಳೊಂದಿಗೆ ಬಂದು ನೋಡುವಂತಾಯಿತು. ಒಳಗೆ ತಿಂಡಿ ಚಹಾದ ಕೋಣೆಯನ್ನೂ ಮಾಡಿಸಿದರು. ವಾರದ ಕೆಲವು ದಿನ ಪ್ರವೇಶ ಉಚಿತವಾಗಿತ್ತು.

ಎಲ್ಲರೂ ಅವರನ್ನು ಮೆಚ್ಚಿದರೆಂದಲ್ಲ. ಹಟಮಾರಿ, ಎಲ್ಲದರಲ್ಲೂ ಕೈಹಾಕುವವರು ಎಂಬ ದೂರುಗಳಿದ್ದವು. ಒಳ್ಳೆಯ ವಿನ್ಯಾಸ ಯಾವುದು, ಕೆಟ್ಟದ್ದು ಯಾವುದು ಎಂದು ಜನರಿಗೆ ಕಲಿಸಲು ಹೊರಟ ಅವರ ಕ್ರಮವನ್ನು ಡಿಕನ್ಸ್ ಅವರೇ 1854ರ ಹಾರ್ಡ್ ಟೈಮ್ಸ್ ಕಾದಂಬರಿಯಲ್ಲಿ ಅಣಕಿಸಿದರು. ಆದರೂ 1875ರಲ್ಲಿ ಕೋಲ್ ಅವರಿಗೆ ಸರ್ ಪದವಿ ಸಂದಿತು. 1882ರ ಏಪ್ರಿಲ್ 18ರಂದು, ತಮ್ಮ 73ನೇ ವಯಸ್ಸಿನಲ್ಲಿ, ಅವರು ಲಂಡನ್ನಿನಲ್ಲಿ ನಿಧನರಾದರು. ಅವರು ಅರ್ಧಕ್ಕೆ ಬಿಟ್ಟ ಆತ್ಮಕಥೆಯನ್ನು ಮಕ್ಕಳು ಪೂರ್ಣಗೊಳಿಸಿ 1884ರಲ್ಲಿ ಪ್ರಕಟಿಸಿದರು. ಅವರ ಸಂಗ್ರಹಾಲಯಕ್ಕೆ 1899ರಲ್ಲಿ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂ ಎಂಬ ಹೆಸರು ಬಂತು.

ನಮ್ಮ ನಾಡಿಗೂ ಈ ಸಂಸ್ಥೆಗೂ ನಂಟಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷರು ಒಯ್ದ ಟಿಪ್ಪುವಿನ ಮರದ ಹುಲಿ ಇಂದು ಇರುವುದು ಇದೇ ಸಂಗ್ರಹಾಲಯದಲ್ಲಿ. ಕೋಲ್ ಅವರ ಮಗ ಹೆನ್ರಿ ಹಾರ್ಡಿ ಕೋಲ್ ಅವರು ಸೇನೆಯ ಇಂಜಿನಿಯರ್ ಆಗಿ ಭಾರತಕ್ಕೆ ಬಂದು, 1880ರ ದಶಕದ ಆರಂಭದಲ್ಲಿ ಇಲ್ಲಿನ ಪ್ರಾಚೀನ ಸ್ಮಾರಕಗಳ ರಕ್ಷಣೆಯ ಹೊಣೆ ಹೊತ್ತಿದ್ದರು.

ಶಿಲಿಂಗಿನಿಂದ ಅರ್ಧ ಪೆನ್ನಿಗೆ

ಕೋಲ್ ಅವರ ಕಾರ್ಡು ದುಬಾರಿಯಾಗಿತ್ತು ಎಂದೆವು. ಆದರೆ ಅವರು ಹೋರಾಡಿ ತಂದ ಅಗ್ಗದ ಅಂಚೆ, ಕಾರ್ಡನ್ನು ಬಡವರ ಮನೆಗೂ ಮುಟ್ಟಿಸಿತು. 1860ರ ದಶಕದ ಹೊತ್ತಿಗೆ ಬಣ್ಣದ ಕಲ್ಲಚ್ಚು ಬೆಳೆದು ಮುದ್ರಣ ಅಗ್ಗವಾಯಿತು. ಲಂಡನ್ನಿನ ರಾಫೆಲ್ ಟಕ್ ಸಂಸ್ಥೆ, ಅಮೆರಿಕದ ಬಾಸ್ಟನ್ನಿನಲ್ಲಿ ಜರ್ಮನ್ ಭಾಷಿಕ ವಲಸಿಗ ಲೂಯಿ ಪ್ರ್ಯಾಂಗ್ ಅವರ ಮುದ್ರಣಾಲಯ 1870ರ ದಶಕದಲ್ಲಿ ಕ್ರಿಸ್ಮಸ್ ಕಾರ್ಡುಗಳಿಗೆ ಹೆಸರಾದವು.

ಇದೇ ಹೊತ್ತಿಗೆ ಪೋಸ್ಟ್‌ಕಾರ್ಡು ಬಂತು. ಆಸ್ಟ್ರಿಯಾ ದೇಶ 1869ರ ಅಕ್ಟೋಬರ್ 1ರಂದು ಲೋಕದ ಮೊದಲ ಅಂಚೆಕಾರ್ಡನ್ನು ಹೊರತಂದಿತು. ಸರಿಯಾಗಿ ಒಂದು ವರ್ಷದ ಬಳಿಕ ಬ್ರಿಟನ್ನಿನಲ್ಲಿ ಅರ್ಧ ಪೆನ್ನಿಯ ಕಾರ್ಡು ಬಂತು. ನಮ್ಮಲ್ಲಿ 1879ರಲ್ಲಿ ಕಾಲಾಣೆ ಕಾರ್ಡು ಆರಂಭವಾಯಿತು. ಮೊದಮೊದಲು ಇವುಗಳಲ್ಲಿ ಚಿತ್ರವಿರಲಿಲ್ಲ. ಬ್ರಿಟನ್ನಿನಲ್ಲಿ ಖಾಸಗಿ ಮುದ್ರಕರ ಕಾರ್ಡುಗಳಿಗೂ ಅಂಚೆಚೀಟಿ ಅಂಟಿಸಿ ಕಳುಹಿಸಲು 1894ರಲ್ಲಿ ಅನುಮತಿ ದೊರೆತ ಬಳಿಕ ಚಿತ್ರದ ಪೋಸ್ಟ್‌ಕಾರ್ಡುಗಳು ಹೆಚ್ಚಿದವು. 1900ರ ಆಸುಪಾಸಿನಿಂದ ಮೊದಲ ಮಹಾಯುದ್ಧದವರೆಗಿನ ಕಾಲವನ್ನು ಸಂಗ್ರಾಹಕರು ಪೋಸ್ಟ್‌ಕಾರ್ಡಿನ ಸುವರ್ಣ ಕಾಲ ಎನ್ನುತ್ತಾರೆ. ಆಗಿನ ಅತ್ಯುತ್ತಮ ಕ್ರಿಸ್ಮಸ್ ಪೋಸ್ಟ್‌ಕಾರ್ಡುಗಳು ಹೆಚ್ಚಾಗಿ ಜರ್ಮನಿಯ ಮುದ್ರಣಾಲಯಗಳಿಂದ ಬರುತ್ತಿದ್ದವು. ಉಬ್ಬಚ್ಚಿನ ದೇವದೂತರು, ಹೊನ್ನಿನ ಬಣ್ಣದ ನಕ್ಷತ್ರಗಳು, ಹಿಮದ ನಡುವಿನ ಇಗರ್ಜಿ, ಕೆಂಪೆದೆಯ ರಾಬಿನ್ ಹಕ್ಕಿ ಇವೆಲ್ಲ ಸಾಮಾನ್ಯ. ಇಂಗ್ಲೆಂಡಿನ ಅಂಚೆಯವರು ಕೆಂಪು ಕೋಟು ತೊಡುತ್ತಿದ್ದುದರಿಂದ ಜನರು ಅವರನ್ನೂ ರಾಬಿನ್ ಎಂದೇ ಕರೆಯುತ್ತಿದ್ದರು. ಹಕ್ಕಿಯೇ ಪತ್ರ ತರುವ ಚಿತ್ರಗಳು ಆ ಕಾರಣಕ್ಕೆ ಬಂದವು. 1914ರಲ್ಲಿ ಯುದ್ಧ ಆರಂಭವಾದಾಗ ಜರ್ಮನಿಯಿಂದ ಬ್ರಿಟನ್ನಿಗೆ ಕಾರ್ಡು ಬರುವುದು ನಿಂತಿತು.

ಸಂಗ್ರಾಹಕರು ಕಾರ್ಡಿನ ಹಿಂಬದಿ ನೋಡುವುದೇಕೆ?

ಹಳೆಯ ಕಾರ್ಡು ಕೈಗೆ ಬಂದಾಗ ತಿಳಿದವರು ಚಿತ್ರ ನೋಡಿದ ಕೂಡಲೇ ಅದನ್ನು ತಿರುಗಿಸುತ್ತಾರೆ. ಪೋಸ್ಟ್‌ಕಾರ್ಡಿನ ವಯಸ್ಸು ಹಿಂಬದಿಯಲ್ಲಿ ತಿಳಿಯುತ್ತದೆ. ಮೊದಲು ಒಂದು ಬದಿಯಲ್ಲಿ ವಿಳಾಸ ಮಾತ್ರ ಬರೆಯಬಹುದಿತ್ತು. ಸಂದೇಶವನ್ನು ಚಿತ್ರದ ಅಂಚಿನಲ್ಲೇ ಹೇಗೋ ಹಿಡಿಸಬೇಕಿತ್ತು. ವಿಳಾಸದ ಬದಿಯನ್ನು ಗೆರೆಯಿಂದ ಇಬ್ಭಾಗ ಮಾಡಿ, ಅರ್ಧದಲ್ಲಿ ಸಂದೇಶ ಬರೆಯಲು ಮೊದಲು ಅವಕಾಶ ಕೊಟ್ಟದ್ದು ಬ್ರಿಟನ್, 1902ರಲ್ಲಿ. ಜರ್ಮನಿ 1905ರಲ್ಲಿ, ಅಮೆರಿಕ 1907ರಲ್ಲಿ ಹಾಗೆ ಮಾಡಿದವು. ಆದುದರಿಂದ ನಡುವೆ ಗೆರೆಯಿರುವ ಬ್ರಿಟಿಷ್ ಕಾರ್ಡು 1902ಕ್ಕಿಂತ ಹಳೆಯದಾಗಿರಲಾರದು. ಅಂಚೆ ಮುದ್ರೆಯ ದಿನಾಂಕ, ಅಂಚೆಚೀಟಿಯ ದರ, ಮುದ್ರಕರ ಗುರುತು ಇವೂ ಸಾಕ್ಷಿ ಹೇಳುತ್ತವೆ.

ಒಂದು ಅಂಕಿಯಿಂದ ಎಷ್ಟು ವಿವಾದವಾಗಬಹುದೆಂಬುದಕ್ಕೆ ಉದಾಹರಣೆಯಿದೆ. ವಿಲಿಯಂ ಮಾ ಎಗ್ಲಿ ಎಂಬ ಚಿತ್ರಕಾರರ ಕಾರ್ಡೊಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದರ ಮೇಲಿನ ಇಸವಿಯ ಕೊನೆಯ ಅಂಕಿ ಸ್ಪಷ್ಟವಿಲ್ಲ. 1842 ಎಂದು ಓದಿದವರು ಅದೇ ಲೋಕದ ಮೊದಲ ಕ್ರಿಸ್ಮಸ್ ಕಾರ್ಡು ಎಂದರು. ಅದು 1848 ಎಂದು ಇಂದು ಒಪ್ಪಿಕೊಳ್ಳಲಾಗಿದೆ. ಹಾಗಾಗಿ ಮೊದಲ ಸ್ಥಾನ ಕೋಲ್ ಅವರ ಕಾರ್ಡಿಗೇ ಉಳಿದಿದೆ.

ಕೋಲ್ ಅವರ ಮೂಲ ಕಾರ್ಡುಗಳಲ್ಲಿ ಇಂದು ಉಳಿದಿರುವುದು ಕೆಲವೇ. 1881ರಲ್ಲಿಯೇ ಅದರ ಮರುಮುದ್ರಣ ಬಂದಿದ್ದು, ಆ ಬಳಿಕವೂ ಅನೇಕ ಬಾರಿ ನಕಲುಗಳು ಬಂದಿವೆ. ಹೀಗಾಗಿ ಕೈಯಿಂದ ಹಚ್ಚಿದ ಬಣ್ಣವೇ, ಅಚ್ಚಿನ ಬಣ್ಣವೇ ಎಂದು ಸಂಗ್ರಾಹಕರು ಪರೀಕ್ಷಿಸುತ್ತಾರೆ. ಕೋಲ್ ಅವರು ತಮ್ಮ ಅಜ್ಜಿಗೂ ಅತ್ತೆಗೂ ಕಳುಹಿಸಿದ್ದ ಕಾರ್ಡು 2001ರಲ್ಲಿ ಇಂಗ್ಲೆಂಡಿನ ಡಿವೈಜಸ್ ಪಟ್ಟಣದಲ್ಲಿ 22,500 ಪೌಂಡಿಗೆ ಹರಾಜಾಯಿತು. ಒಂದು ಶಿಲಿಂಗಿನ ಕಾಗದಕ್ಕೆ ಆ ಬೆಲೆ ತಂದದ್ದು ಅದರ ಮೇಲೆ ಬರೆದಿದ್ದ ನಾಲ್ಕು ಅಕ್ಷರ. ಯಾರು, ಯಾರಿಗೆ ಎಂಬ ಆ ಬರಹ ಇಲ್ಲದಿದ್ದರೆ ಅದೂ ಸಾವಿರದಲ್ಲಿ ಒಂದು ಕಾರ್ಡಾಗಿ ಉಳಿಯುತ್ತಿತ್ತು.

ಸಾಮಾನ್ಯರು ಜೋಪಾನ ಮಾಡಿದ ಕಾರ್ಡುಗಳ ಬೆಲೆ ಏನೆಂಬುದಕ್ಕೆ ಇನ್ನೊಂದು ಘಟನೆ ಸಾಕು. ಎರಡನೇ ಮಹಾಯುದ್ಧದಲ್ಲಿ, 1940ರ ಡಿಸೆಂಬರ್ 29ರ ರಾತ್ರಿ, ಕ್ರಿಸ್ಮಸ್ ಕಳೆದು ನಾಲ್ಕೇ ದಿನಕ್ಕೆ, ಲಂಡನ್ನಿನ ಮೇಲೆ ಬಿದ್ದ ಬಾಂಬುಗಳಿಂದ ರಾಫೆಲ್ ಟಕ್ ಸಂಸ್ಥೆಯ ಕಟ್ಟಡ ಸುಟ್ಟುಹೋಯಿತು. ಹಲವು ದಶಕಗಳ ಮೂಲ ಚಿತ್ರಗಳೂ ದಾಖಲೆಗಳೂ ಅದರೊಂದಿಗೆ ನಾಶವಾದವು. ಇಂದು ಆ ಸಂಸ್ಥೆ ಏನೇನು ಮುದ್ರಿಸಿತ್ತೆಂದು ತಿಳಿಯಬೇಕಾದರೆ ಜನರು ತಮ್ಮ ಮನೆಗಳಲ್ಲಿ ಇಟ್ಟುಕೊಂಡಿದ್ದ ಕಾರ್ಡುಗಳನ್ನೇ ಒಟ್ಟುಗೂಡಿಸಿ ನೋಡಬೇಕು. ಕಾರ್ಖಾನೆಯ ಉಗ್ರಾಣದಲ್ಲಿ ಉಳಿಯದ್ದು ಅಜ್ಜಿಯರ ಆಲ್ಬಮ್‌ಗಳಲ್ಲಿ ಉಳಿಯಿತು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಮೆಟ್ರೊಪಾಲಿಟನ್ ವಿಶ್ವವಿದ್ಯಾನಿಲಯದಲ್ಲಿ ಇಂತಹ ಸುಮಾರು 32,000 ಹಳೆಯ ಶುಭಾಶಯ ಕಾರ್ಡುಗಳ ಸಂಗ್ರಹವಿದ್ದು, ಕೋಲ್ ಅವರ 1843ರ ಕಾರ್ಡೂ ಅದರಲ್ಲಿದೆ.

ನಾವೇನು ಮಾಡಬಹುದು?

ಈ ವಿಷಯ ಇಂಗ್ಲೆಂಡಿಗೆ ಮಾತ್ರ ಸೇರಿದ್ದಲ್ಲ. ನಮ್ಮ ಧರ್ಮಕೇಂದ್ರಗಳ ಮನೆಗಳಲ್ಲೂ ಹಳೆಯ ಕಾರ್ಡುಗಳಿರಬಹುದು. ಮನೆ ಕೆಡವಿ ಹೊಸದು ಕಟ್ಟುವಾಗ, ಹಿರಿಯರು ತೀರಿಕೊಂಡ ಬಳಿಕ ಪೆಟ್ಟಿಗೆ ಖಾಲಿ ಮಾಡುವಾಗ ಇವು ಮೊದಲು ಬೆಂಕಿಗೆ ಹೋಗುತ್ತವೆ. ಹಾಗೆ ಮಾಡುವ ಮೊದಲು ದಯವಿಟ್ಟು ಒಮ್ಮೆ ತಿರುಗಿಸಿ ನೋಡಿ. ಪರದೇಶಕ್ಕೆ ಹೋದ ಅಜ್ಜನ ಕೈಬರಹ, ಈಗ ಇಲ್ಲದ ಮನೆಯ ವಿಳಾಸ, ಹಿಂದಿನ ಧರ್ಮಗುರುಗಳ ಸಹಿ ಅಲ್ಲಿರಬಹುದು. ಧರ್ಮಕೇಂದ್ರದ ಇತಿಹಾಸ ಬರೆಯುವವರಿಗೆ, ಶತಮಾನೋತ್ಸವದ ಸ್ಮರಣ ಸಂಚಿಕೆ ತರುವವರಿಗೆ ಇವು ಬೆಲೆಬಾಳುವ ಆಧಾರ.

ಉಳಿಸಲು ಹೆಚ್ಚು ಖರ್ಚಿಲ್ಲ. ಅಂಚೆಚೀಟಿಯ ಆಸೆಗೆ ಕಾರ್ಡಿನ ಮೂಲೆ ಕತ್ತರಿಸಬೇಡಿ, ಚೀಟಿಯ ಜೊತೆಗೆ ಅಂಚೆ ಮುದ್ರೆಯ ದಿನಾಂಕವೂ ಹೋಗುತ್ತದೆ. ಅಂಟಿನಿಂದ ಪುಸ್ತಕಕ್ಕೆ ಅಂಟಿಸಬೇಡಿ, ಹಿಂಬದಿಯ ಬರಹ ಹಾಳಾಗುತ್ತದೆ. ಲ್ಯಾಮಿನೇಶನ್ ಮಾಡಿಸಬೇಡಿ, ಅದನ್ನು ಮತ್ತೆ ಬಿಡಿಸಲಾಗದು. ಮಳೆಗಾಲದ ತೇವ ತಾಗದ, ಬಿಸಿಲು ಬೀಳದ ಜಾಗದಲ್ಲಿ, ಕಾಗದದ ಲಕೋಟೆಯೊಳಗೆ ಇಡಿ. ಚಿತ್ರದಲ್ಲಿ ಅಥವಾ ಸಹಿಯಲ್ಲಿ ಕಾಣುವವರು ಯಾರೆಂದು ಮನೆಯ ಹಿರಿಯರನ್ನು ಇಂದೇ ಕೇಳಿ, ಲಕೋಟೆಯ ಮೇಲೆ ಸೀಸದ ಕಡ್ಡಿಯಿಂದ ಬರೆದಿಡಿ. ನಾಳೆ ಕೇಳಲು ಅವರು ಇರಲಿಕ್ಕಿಲ್ಲ.

ಹೆನ್ರಿ ಕೋಲ್ ಅವರು ತಮ್ಮ ಬದುಕಿನಲ್ಲಿ ಕಾಗದಕ್ಕೆ ಮಾಡಿದ ಸೇವೆ ಮೂರು ಬಗೆಯದು. ಹಳೆಯ ಕಾಗದ ಕೊಳೆಯದಂತೆ ಉಳಿಸಿದರು, ಹೊಸ ಕಾಗದ ಬಡವರ ಮನೆಗೂ ಹೋಗುವಂತೆ ಮಾಡಿದರು, ಹಬ್ಬದ ಕಾಗದದ ಮೇಲೆ ಹಸಿದವನನ್ನೂ ಬಟ್ಟೆಯಿಲ್ಲದವನನ್ನೂ ಚಿತ್ರಿಸಿದರು. ಮೊದಲ ಎರಡನ್ನು ಲೋಕ ಒಪ್ಪಿಕೊಂಡಿತು. ಮೂರನೆಯದನ್ನು ಹೆಚ್ಚಿನವರು ಗಮನಿಸಲಿಲ್ಲ. ಈ ಕ್ರಿಸ್ಮಸ್ ಸಂದರ್ಭದಲ್ಲಿ ನಾವು ಕಾರ್ಡು ಕಳುಹಿಸಿದರೂ, ಮೊಬೈಲಿನಲ್ಲಿ ಹಾರೈಸಿದರೂ, ನಮ್ಮ ವಾಳೆಯಲ್ಲಿ ಹಬ್ಬದ ಊಟ ಇಲ್ಲದ ಒಂದು ಮನೆಯನ್ನು, ಹೊಸ ಬಟ್ಟೆ ಇಲ್ಲದ ಒಂದು ಮಗುವನ್ನು ಹುಡುಕಿ ತಲುಪೋಣ. ಲೋಕದ ಮೊದಲ ಕ್ರಿಸ್ಮಸ್ ಕಾರ್ಡಿನ ಎರಡು ಬದಿಯ ಫಲಕಗಳು ನೂರೆಂಬತ್ತು ವರ್ಷಗಳಿಂದ ಕೇಳುತ್ತಿರುವುದು ಅಷ್ಟನ್ನೇ.

ಸರ್ವರಿಗೂ ಕ್ರಿಸ್ತ ಜಯಂತಿಯ ಶುಭಾಶಯಗಳು.